ಆ ಮಾತ್ರೆ ತಗೊಂಡೆ, ತಲಿನೋವು ಬಂತು, ಬರಬೇಕಾದ್ದು ಬರಲಿಲ್ಲ

ಬ್ಯಾಡಗಿ ಗುಮಾಸ್ತ · ಸೋಮವಾರ ರಾತ್ರಿ 11:40

ಖರೆ ಹೆಸರು ಹಾಕಿಲ್ಲ, ತಪ್ಪು ತಿಳೀಬ್ಯಾಡ್ರಿ. ನಮ್ಮ ಸಾಲಿನ್ಯಾಗ ಒಂದು ಅಂಗಡ್ಯಾಗ ಪಿಸುಗುಟ್ಟಿದ್ರ ಹತ್ತನೇ ಅಂಗಡ್ಯಾಗ ನಗತಾರ. ವಯಸ್ಸು 44. ಮೆಣಸಿನಕಾಯಿ ದಲಾಲಿ ಅಂಗಡ್ಯಾಗ ಲೆಕ್ಕಾ ಬರಿಯೂ ಕೆಲಸ, ಹತ್ತೊಂಬತ್ತು ವರ್ಷ ಆತು. ಇಬ್ರು ಮಕ್ಕಳು, ದೊಡ್ಡಾಕಿ ಪಿಯುಸಿ ಓದಾಕ ಹತ್ಯಾಳ.

ವಿಷಯಕ್ಕ ಬರ್ತೀನಿ. ಒಂದೂವರಿ ವರ್ಷದಿಂದ ಹೆಂಡತಿ ಹತ್ರ ಹೋದಾಗ ನನ್ನ ಅಂಗ ಗಟ್ಟಿ ಆಗವಲ್ದು. ಮೊದಮೊದಲ ಅರ್ಧ ದಾರ್ಯಾಗ ಸೋತು ಹೋಗ್ತಿತ್ತು. ದಸರಾ ಆದ ಮ್ಯಾಲೆ ಶುರು ಆಗೂದ ಇಲ್ಲ. ಮನಸ್ಸು ಐತಿ, ನಮ್ಮಾಕಿ ಮ್ಯಾಲಿನ ಪ್ರೀತಿ ಒಂದು ಗುಂಜಿನೂ ಕಮ್ಮಿ ಆಗಿಲ್ಲ. ಮೈ ಮಾತ್ರ ಮಾತು ಕೇಳವಲ್ದು.

ಸೀಜನ್ ದಣಿವು ಅಂತ ಮಾಡಿದ್ದೆ. ಜನವರಿಯಿಂದ ಮಾರ್ಚ್ ತನಕ ಸೋಮವಾರ, ಗುರುವಾರ ಬಂತಂದ್ರ ನಮ್ಮ ಮಾರ್ಕೆಟ್ ಹೆಂಗಿರ್ತೈತಿ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಲಕ್ಷದ ಮ್ಯಾಲೆ ಚೀಲ ಬಂದು ಬೀಳೂ ದಿನಾ ಇರ್ತಾವ. ರಾತ್ರಿ ಮನಿಗೆ ಬಂದ್ರ ಕೈಗೆ ಎಷ್ಟು ಸಾಬಾಣ ಹಚ್ಚಿದ್ರೂ ಉರಿ ಹೋಗಂಗಿಲ್ಲ. ಆದ್ರ ಸೀಜನ್ ಮುಗೀತು, ಮಳಿ ಬಂತು, ದಣಿವು ಹೋತು. ಇದು ಹೋಗಲಿಲ್ಲ.

ಹೋದ ವಾರ ಲಾರಿ ಬುಕಿಂಗ್ ಮಾಡೂ ದೋಸ್ತ ಒಬ್ಬಂವ ನೀಲಿ ಬಣ್ಣದ ಮಾತ್ರೆ ಕೊಟ್ಟ. ಮ್ಯಾಲೆ 100 ಅಂತ ಇತ್ತು. ಅಂಜಿ ಅರ್ಧ ಮಾಡಿದೆ. ಅವತ್ತ ರಾತ್ರಿ ಬೀಗರ ಮನ್ಯಾಗ ಮಟನ್ ಊಟ, ಗಡದ್ದ ಉಂಡು ಬಂದು, ಒಂಬತ್ತೂವರಿಗೆ ಅರ್ಧ ಮಾತ್ರೆ ನುಂಗಿ, ಹಾಸಿಗ್ಯಾಗ ಬಿದ್ಕೊಂಡು ಫ್ಯಾನ್ ನೋಡ್ಕೋತ ಕಾಯ್ದೆ. ಬಸ್ ಸ್ಟ್ಯಾಂಡಿನ್ಯಾಗ ಕಾಯ್ತಾರಲ್ಲ, ಹಂಗ. ಮುಖ ಬಿಸಿ ಆತು, ಮೂಗು ಕಟ್ಟಿತು, ಹಣಿ ಸಿಡ್ಯಾಕ ಹತ್ತಿತು. ನಮ್ಮಾಕಿ ಲೈಟ್ ಹಾಕಿ ನನ್ನ ಮುಖ ನೋಡಿ, "ಯಾರ್ಡಿನ ಘಾಟು ಇನ್ನೂ ಇಳಿದಿಲ್ಲೇನ್ರಿ?" ಅಂತ ಕೇಳಿ ಮಗ್ಗಲಾದ್ಲು. ಬಸ್ಸು ಬರಲಿಲ್ಲ.

ಆ ಮಾತ್ರೆ ಡುಪ್ಲಿಕೇಟ್ ಇರಬಹುದೇನು? ಪೂರ್ತಿ 100 ತಗೋಬೇಕಿತ್ತೇನು? ಡಾಕ್ಟರ ಹತ್ರ ಹೋಗು ಅಂದ್ರ ಯಾವ ಡಾಕ್ಟರು, ಚರ್ಮದವರ, ನರದವರ? ಹುಡುಗ ಇದ್ದಾಗಿನ ಚಟದಿಂದ ಹಿಂಗಾಗಿರ್ತೈತೇನು? ಬಿಪಿ ಮಾತ್ರೆ ಎರಡು ವರ್ಷದಿಂದ ನಡದೈತಿ. ಜರ್ದಾ ಅಡಕಿ ದಿನಕ್ಕ ಎಂಟು ಹತ್ತು ಚೀಟು. ದಾರು ಇಲ್ಲ. ಸುಳ್ಳು ಯಾಕ ಹೇಳ್ಲಿ, ಹಬ್ಬಕ್ಕ ಒಂದೀಟು.

ಬೇರು ನಾರು · ಮಂಗಳವಾರ ಬೆಳಿಗ್ಗೆ 6:15

ಇಂಗ್ಲಿಷ್ ಔಷಧಿ ಮುಟ್ಟಲೇಬೇಡಿ ಸಾರ್, ಕಿಡ್ನಿ ಹೋಗುತ್ತೆ. ನರಗಳ ಬಲಹೀನತೆ ಇದು. ಶುದ್ಧ ಶಿಲಾಜಿತ್ತು, ಜೊತೆಗೆ ನಮ್ಮ 41 ದಿನದ ಪುಡಿ. ಗ್ಯಾರಂಟಿ. ಈ ನಂಬರಿಗೆ ಮೆಸೇಜ್ ಮಾಡಿ: (ನಂಬರ್ ತೆಗೆದಿದ್ದೇವೆ – ನಿರ್ವಾಹಕರು)

ಸ್ಟೇರಿಂಗ್ ಮಾವ, ಹುಬ್ಬಳ್ಳಿ · ಮಂಗಳವಾರ ಮಧ್ಯಾಹ್ನ 2:05

ತಮ್ಮಾ ಗುಮಾಸ್ತ, ಬೇರಿನವನ 41 ದಿನದ ಪುಡಿ ನಾ ತಿಂದು ಮುಗಿಸೀನಿ. ಅದನ್ನ ಮೊದಲ ಹೇಳ್ತೀನಿ.

ನನಗ ಈಗ 56. ಇಪ್ಪತ್ತೇಳು ವರ್ಷ ಬಸ್ ಹೊಡದೀನಿ, ಹೆಚ್ಚಾಗಿ ಹುಬ್ಬಳ್ಳಿ–ಗದಗ. ಐವತ್ತೊಂದರಾಗ ನನಗೂ ನಿನ್ನಂಗ ಆತು. ಬಸ್ ಸ್ಟ್ಯಾಂಡಿನ ಮೂತ್ರಿ ಗ್ವಾಡಿ ಮ್ಯಾಲೆ "ಗುಪ್ತ ಸಮಸ್ಯೆ" ಅಂತ ಚೀಟಿ ಅಂಟಿಸಿರ್ತಾರಲ್ಲ, ಅದರಾಗಿನ ಲಾಡ್ಜಿಗೆ ಹೋದೆ. ತಿಂಗಳಿಗೆ ಎರಡು ದಿನ ಬರೂ ವೈದ್ಯ ಅಂವ. ನಾಡಿ ಹಿಡದು ಕಣ್ಣು ಮುಚ್ಚಿ, "ಹುಡುಗತನದಾಗಿನ ತಪ್ಪು" ಅಂದ. ಐವತ್ತೊಂದು ವರ್ಷದವಗ! ಬಿಪಿ ನೋಡಲಿಲ್ಲ, ರಕ್ತ ತಗೀಲಿಲ್ಲ, 6,500 ರೂಪಾಯಿ ತಗೊಂಡ. ಪುಡಿ ಮೊದಲನೇ ವಾರ ಒಂದೀಟು ಕೆಲಸಾ ಮಾಡ್ತು, ಖರೇನ ಹೇಳ್ತೀನಿ. ಜೋಡಿಗೆ ನಿನಗಾದಂಗ ತಲಿನೋವು, ಮೂಗು ಕಟ್ಟೂದು. ಮುಂದ ಖರೆ ಡಾಕ್ಟರಿಗೆ ಹೇಳಿದಾಗ ಅವರು ನಕ್ಕು, "ಆ ಪುಡ್ಯಾಗ ಇದ ನೀಲಿ ಮಾತ್ರೆ ಕುಟ್ಟಿ ಕಲಿಸಿರಬೇಕ್ರಿ, ಎಷ್ಟು ಹಾಕ್ಯಾನ ಅಂತ ಅವಗೂ ಗೊತ್ತಿರಂಗಿಲ್ಲ" ಅಂದ್ರು. ಗಂಡಸ್ತನ ತಿರುಗಿ ತರ್ತೀನಿ ಅಂತ ಜಾಹೀರಾತು ಮಾಡೂದು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಗುನ್ಹೆ. ಆದ್ರೂ ಮೂತ್ರಿ ಗ್ವಾಡಿ ಖಾಲಿ ಉಳದದ್ದು ನಾ ನೋಡಿಲ್ಲ.

ಯಾವ ಡಾಕ್ಟರು ಅಂದ್ಯಲ್ಲ, ಮೂತ್ರರೋಗ ತಜ್ಞರು, ಯುರಾಲಜಿಸ್ಟ್. ಬೋರ್ಡಿನ ಮ್ಯಾಲೆ ಕಿಡ್ನಿ ಕಲ್ಲು ಅಂತ ಬರದಿರ್ತೈತಿ, ಅದಕ್ಕ ಎದುರಿಗೆ ಯಾರರ ಸಿಕ್ರ "ಕಲ್ಲಾಗ್ಯಾವ" ಅಂದು ಬಿಡು. ನಾನೂ ಹಂಗ ಹೇಳಿದ್ದೆ. ನಮ್ಮ ಕಂಡಕ್ಟರ್ ಪಾಪ ಒಂದು ತಿಂಗಳ ಬಾಳಿದಿಂಡಿನ ರಸ ತಂದು ಕುಡಿಸಿದ.

ಡಾಕ್ಟರು ಮೊದಲ ಒಂದು ಹಾಳಿ ಕೊಟ್ರು, ಐದು ಪ್ರಶ್ನೆ, ಒಟ್ಟು 25 ಮಾರ್ಕು. ಇಪ್ಪತ್ತೊಂದು ಇಲ್ಲಾ ಅದಕ್ಕಿಂತ ಕಮ್ಮಿ ಬಂದ್ರ ತೊಂದ್ರಿ ಐತಿ ಅಂತ ಲೆಕ್ಕ. ನನಗ 8 ಬಂತು. ಎಸ್ಸೆಸ್ಸೆಲ್ಸಿ ಗಣಿತದಾಗೂ ಹೆಚ್ಚು ಕಮ್ಮಿ ಅಷ್ಟ ಬಂದಿತ್ತು. ಆಮ್ಯಾಲೆ ಕೇಳಿದ್ರು, "ಮುಂಜಾನೆ ಎದ್ದಾಗ ಗಟ್ಟಿ ಇರ್ತೈತೇನು?" ಇದನ್ನ ನೀನೂ ನೋಡ್ಕೋ. ಮುಂಜಾನೆ ತಾನ ತಾನ ಆಗಿ, ಹೆಂಡತಿ ಹತ್ರ ಆಗದಿದ್ರ ಹೆಚ್ಚಾಗಿ ಮನಸ್ಸಿನ ಕಡೆಯಿಂದ ಬಂದದ್ದು. ಮುಂಜಾನೆನೂ ಇಲ್ಲ ಅಂದ್ರ ರಕ್ತನಾಳ, ನರ, ಹಾರ್ಮೋನು, ಇವುಗಳ ಕಡೆ ನೋಡಬೇಕು. ನನಗ ಮುಂಜಾನೆನೂ ಇರಲಿಲ್ಲ.

ನನಗ ಗೊತ್ತಿಲ್ಲದಂಗ ನನಗ ಸಕ್ಕರಿ ಇತ್ತು. ಗದಗ ಮುಟ್ಟೂದರಾಗ ಎರಡು ಸಲ ಉಚ್ಚಿ, ಅಣ್ಣಿಗೇರ್ಯಾಗ ಬಸ್ ನಿಂದರಿಸಿ ಓಡ್ತಿದ್ದೆ. ವಯಸ್ಸು ಅಂತ ಮಾಡಿದ್ದೆ. ಉಪವಾಸದ ಸಕ್ಕರಿ 268, ಮೂರು ತಿಂಗಳ ಸರಾಸರಿ ತೋರಸೂ ಎಚ್‌ಬಿಎ1ಸಿ 10.6. ಯಾವಾಗಿಂದ ಇತ್ತೋ ದೇವರಿಗೆ ಗೊತ್ತು. ಈ ತೊಂದ್ರಿ ಬರದಿದ್ರ ಇನ್ನೂ ಎಷ್ಟು ವರ್ಷ ಹಂಗ ಬಸ್ ಹೊಡೀತಿದ್ನೋ.

ಡಾಕ್ಟರು ಚಿತ್ರ ಬರದು ತೋರಿಸಿದ್ರು, ನಾ ನನ್ನ ಭಾಷಾದಾಗ ಹೇಳ್ತೀನಿ. ಬಸ್ಸಿನ ಏರ್ ಬ್ರೇಕ್ ಇದ್ದಂಗ. ಪೆಡಲ್ ತುಳೀಬೇಕು, ಲೈನಿನ್ಯಾಗ ಗಾಳಿ ಹರೀಬೇಕು, ತುಂಬಿದ್ದು ಲೀಕ್ ಆಗದ ನಿಲ್ಲಬೇಕು. ಪೆಡಲ್ ಅಂದ್ರ ಮನಸ್ಸು ಮತ್ತ ನರ. ನರದ ತುದ್ಯಾಗ ನೈಟ್ರಿಕ್ ಆಕ್ಸೈಡ್ ಅಂತ ಒಂದು ಅನಿಲ ಹುಟ್ಟತೈತಿ, ಅದು ರಕ್ತನಾಳ ಸಡಿಲ ಮಾಡ್ತೈತಿ, ರಕ್ತ ಒಳಗ ನುಗ್ಗತೈತಿ. ತುಂಬಿದ ಒತ್ತಡಕ್ಕ ಹೊರಗ ಹೋಗೂ ನಾಳ ಒತ್ತಿ ಮುಚ್ಚತಾವ. ಇದಕ್ಕ 1998ರಾಗ ಮೂರು ಮಂದಿ ವಿಜ್ಞಾನಿಗಳಿಗೆ ನೊಬೆಲ್ ಕೊಟ್ಟಾರಂತ, ಬರೇ ಇದಕ್ಕಲ್ಲ, ದೇಹದಾಗ ಆ ಅನಿಲ ಸುದ್ದಿ ಮುಟ್ಟಸ್ತೈತಿ ಅಂತ ಕಂಡು ಹಿಡದದ್ದಕ್ಕ. ನೀ ನುಂಗಿದ ಮಾತ್ರೆ ಪೆಡಲ್ ತುಳಿಯಂಗಿಲ್ಲ ತಮ್ಮಾ. ಸಡಿಲಾದ ನಾಳ ಲಗೂನ ಬಿಗಿ ಆಗದಂಗ ತಡೀತೈತಿ, ಅಷ್ಟ ಅದರ ಕೆಲಸ. ಫ್ಯಾನ್ ನೋಡ್ಕೋತ ಬಿದ್ರ ಫ್ಯಾನ್ ತಿರಗತೈತಿ, ಮತ್ತೇನೂ ಆಗಂಗಿಲ್ಲ. ಮಟನ್ ಊಟದ ಮ್ಯಾಲೆ ತಗೊಂಡ್ರಂತೂ ಜಿಡ್ಡಿಗೆ ಸಿಕ್ಕು ತಡಾ ಆಗ್ತೈತಿ. ಡುಪ್ಲಿಕೇಟ್ ಇರಲಿಕ್ಕಿಲ್ಲ, ನಿನಗಾದ ತಲಿನೋವು, ಮುಖ ಕೆಂಪಾಗೂದು ಆ ಮಾತ್ರೆಯವ. ಅದಕ್ಕಂತ 100 ನುಂಗಬ್ಯಾಡ, ತಡಿ.

ನನಗ ಟಡಾಲಫಿಲ್ ಅಂತ ಇದ ಜಾತಿ ಇನ್ನೊಂದು ಮಾತ್ರೆ, 5 ಎಂಜಿ, ದಿನಾ ಒಂದು ಕೊಟ್ರು. ಇದಕ್ಕ ಊಟದ ಕಟ್ಟಿಲ್ಲ, ಗಡಿಯಾರ ನೋಡೂದು ತಪ್ಪತೈತಿ. ಸಕ್ಕರಿ ನರಾ ತಿಂದಿತ್ತು, ಅದಕ್ಕ ಹತ್ತಾಣೆ ಕೆಲಸಾ ಮಾಡ್ತು. ಉಳದ ಆರಾಣೆಗೆ ವ್ಯಾಕ್ಯೂಮ್ ಪಂಪ್ ಹೇಳಿದ್ರು. ಪ್ಲಾಸ್ಟಿಕ್ ಕೊಳವಿ, ಗಾಳಿ ಎಳದ್ರ ರಕ್ತ ತುಂಬತೈತಿ, ಬುಡಕ್ಕ ರಬ್ಬರ್ ಉಂಗುರ. ಉಂಗುರ ಅರ್ಧ ತಾಸಿಗಿಂತ ಹೆಚ್ಚು ಇಡಂಗಿಲ್ಲ. ಮೊದಲ ಸಲ ನಾ ಬಾಗಲಾ ಹಾಕ್ಕೊಂಡು ಹೊಡ್ಯಾಕ ಹತ್ತಿದ್ದೆ, ನಮ್ಮಾಕಿ ಹೊರಗಿಂದ, "ಗ್ಯಾಸ್ ಇರೂ ಮನ್ಯಾಗ ಸ್ಟೋ ಯಾಕ ಹಚ್ಚಾಕ ಹತ್ತೀರಿ?" ಅಂದ್ಲು. ಇಬ್ರೂ ನಕ್ಕು ಅವತ್ತ ಹಂಗ ಮಲಗಿದ್ವಿ. ಎರಡು ವರ್ಷದ ಮ್ಯಾಲೆ ಒಂದ ಹಾಸಿಗ್ಯಾಗ ನಕ್ಕಿದ್ದು ಅದ ಮೊದಲ.

ಅದರ ಮುಂದಿನವೂ ಅದಾವ. ಬೇಕಾದಾಗ ಅಲ್ಲೇ ಸಣ್ಣ ಸೂಜಿಯಿಂದ ಚುಚ್ಚಿಕೊಳ್ಳೂ ಔಷಧ, ಕಡೀಕ ಆಪರೇಷನ್ ಮಾಡಿ ಒಳಗ ಕೂಡಸೂ ಇಂಪ್ಲಾಂಟ್. ನಾ ಅಲ್ಲೀತನ ಹೋಗಿಲ್ಲ, ಹೋಗದ್ದರ ಬಗ್ಗೆ ಬರಿಯಂಗಿಲ್ಲ.

ಈಗ ನನ್ನ ಪ್ರಶ್ನೆ, ಇದಕ್ಕ ಉತ್ತರ ಕೊಡದ ಮುಂದಿನ ಮಾತ್ರೆ ಮುಟ್ಟಬ್ಯಾಡ. ಮುಂಜಾನೆ ಹೆಂಗ? ಸಕ್ಕರಿ ಎಂದರ ನೋಡಿಸಿಯೇನು? ಮೆಟ್ಲ ಹತ್ತಿದ್ರ ಎದಿ ಬಿಗಿತೈತೇನು? ಎದಿ ಸುದ್ದಿ ಯಾಕ ಕೇಳ್ತೀನಂದ್ರ, ಕೆಳಗಿನ ಅಂಗದ ರಕ್ತನಾಳ ಒಂದೆರಡು ಮಿಲಿಮೀಟರ್ ದಪ್ಪ, ಹೃದಯದ್ದು ಮೂರು ನಾಕು. ಕೊಬ್ಬು ಕಟ್ಟಾಕ ಹತ್ತಿದ್ರ ಸಣ್ಣ ಪೈಪ್ ಮೊದಲ ಬಂದ್ ಬೀಳ್ತೈತಿ, ದೊಡ್ಡದರ ಸುದ್ದಿ ಒಂದೆರಡು ಮೂರು ವರ್ಷ ತಡಾ ಆಗಿ ಬರ್ತೈತಿ. ಬಿಪಿ ಮಾತ್ರೆ ಹೆಸರೂ ಬರಿ. ಎದಿ ಸಲುವಾಗಿ ಯಾವುದರ ಮಾತ್ರೆ ಐತೇನು ಅದನ್ನೂ ಬರಿ.

ಕೌಂಟರ್ ಅಕ್ಕ, ಗದಗ · ಮಂಗಳವಾರ ಸಂಜೆ 7:30

ನಾನು ಫಾರ್ಮಸಿಸ್ಟ್, ಹೆಣ್ಣುಮಗಳು. ನಮ್ಮ ಅಂಗಡಿಗೆ ಈ ಮಾತ್ರೆಗೆ ಬರೋ ಗಂಡಸರನ್ನ ದೂರದಿಂದ ಗುರುತು ಹಿಡೀತೀನಿ. ಮೊದಲು ಒಂದು ಓಆರ್‌ಎಸ್ ಪುಡಿ ಕೇಳ್ತಾರ. ಆಮ್ಯಾಲೆ ನೋವಿನ ಮುಲಾಮು. ಉಳದ ಗಿರಾಕಿ ಹೋಗೂ ತನಕ ಟೂತ್‌ಪೇಸ್ಟ್ ಹಿಂದ ಬರದದ್ದು ಓದ್ತಾರ. ನನ್ನ ನೋಡಿ "ಅಣ್ಣಾರು ಇಲ್ಲೇನ್ರಿ?" ಅಂತಾರ. ಇಲ್ಲ ಅಂದ್ರ ಫೋನಿನ್ಯಾಗ ಮಾತ್ರೆ ಫೋಟೋ ತೋರಸ್ತಾರ. ಚೀಟಿ ಎಲ್ಲಿ ಅಂದ್ರ ಟೂತ್‌ಪೇಸ್ಟ್ ಅಷ್ಟ ತಗೊಂಡು ಹೋಗ್ತಾರ. ಸಿಲ್ಡೆನಾಫಿಲ್ (ಅದ ನೀಲಿ ಮಾತ್ರೆ), ಟಡಾಲಫಿಲ್ ಎರಡೂ ಡಾಕ್ಟರ ಚೀಟಿ ಮ್ಯಾಲೆ ಕೊಡೂ ಔಷಧ. ಚೀಟಿ ಕೇಳೂದು ನಿಮ್ಮ ಮರ್ಯಾದಿ ತೆಗಿಯಾಕಲ್ಲ.

ಮಾವನ ಕಡೀ ಪ್ರಶ್ನೆ ಭಾಳ ಮುಖ್ಯ. ನಾಲಿಗಿ ಕೆಳಗ ಇಟ್ಟುಕೊಳ್ಳೂ ಎದಿನೋವಿನ ಮಾತ್ರೆ, ಐಸೋಸಾರ್ಬೈಡ್ ಅಂತ ಹೆಸರಿರ್ತೈತಿ, ನೈಟ್ರೊಗ್ಲಿಸರಿನ್ ಅಂತಲೂ ಇರ್ತೈತಿ, ಇವಕ್ಕ ನೈಟ್ರೇಟ್ ಅಂತಾರ. ನೈಟ್ರೇಟ್ ಜೊತಿ ನೀಲಿ ಮಾತ್ರೆ ಎಂದೂ ಕೂಡಬಾರದು. ನೈಟ್ರೇಟ್ ಗಟಾರಕ್ಕ ನೀರು ಬಿಡ್ತೈತಿ, ನೀಲಿ ಮಾತ್ರೆ ಆ ನೀರು ಹರಿದು ಹೋಗೂ ಬಾಯಿ ಮುಚ್ಚತೈತಿ. ಎರಡೂ ಕೂಡಿದ್ರ ರಕ್ತದೊತ್ತಡ ಧಬಕ್ಕನ ಬಿದ್ದು ಜೀವಕ್ಕ ಬರ್ತೈತಿ. ವಿಚಿತ್ರ ಅಂದ್ರ ಈ ನೀಲಿ ಮಾತ್ರೆನೂ ಮೊದಲು ಹುಡುಕಿದ್ದು ಎದಿನೋವಿಗೆ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಅನ್ನೋ ಊರಾಗ ಫೈಜರ್‌ನವರು ಪ್ರಯೋಗ ಮಾಡುವಾಗ ಎದಿಗೆ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ, ಇನ್ನೊಂದು ಕಂಡಿತು. 1998ರ ಮಾರ್ಚ್ 27ಕ್ಕ ಅಮೆರಿಕಾದಾಗ ಒಪ್ಪಿಗಿ ಸಿಕ್ಕಿತು.

ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತರದ ಮಾತ್ರೆ ತಗೊಳ್ಳೋರೂ ಡಾಕ್ಟರಿಗೆ ಹೇಳಬೇಕು, ತಲಿ ತಿರುಗಿ ಬೀಳ್ತಾರ. ಮಾತ್ರೆ ತಗೊಂಡ ಮ್ಯಾಲೆ ನಾಕು ತಾಸಿಗಿಂತ ಹೆಚ್ಚು ಹೊತ್ತು ಇಳೀಲಿಲ್ಲ ಅಂದ್ರ ಹೆಮ್ಮಿ ಪಡೂ ವಿಷಯ ಅಲ್ಲ, ಎಮರ್ಜೆನ್ಸಿಗೆ ಓಡ್ರಿ. ಒಮ್ಮಿಂದೊಮ್ಮೆಲೆ ಕಣ್ಣು ಮಂಜಾದ್ರ, ಕಿವಿ ಕೇಳದಂಗಾದ್ರೂ ಹಂಗ.

ಬ್ಯಾಡಗಿ ಗುಮಾಸ್ತ · ಮಂಗಳವಾರ ರಾತ್ರಿ 10:50

ಮಾವ, ಅಕ್ಕಾ, ಎರಡು ಸಲ ಓದಿದೆ. ಕೈ ತಣ್ಣಗಾಗ್ಯಾವ.

ಮುಂಜಾನೆನೂ ಇಲ್ಲ. ವರ್ಷದ ಮ್ಯಾಲಾತು. ಸಕ್ಕರಿ ನೋಡಿಸಿಲ್ಲ. ಬಿಪಿ ಮಾತ್ರೆ ಅಟೆನೊಲಾಲ್.

ಒಂದು ಮಾತು ಮೊದಲ ಬರದಿರಲಿಲ್ಲ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಮಾಡಿದ್ದೆ. ನಮ್ಮ ಅಂಗಡಿ ಅಟ್ಟಕ್ಕ ಹದಿನೆಂಟು ಮೆಟ್ಲ ಅದಾವ, ಹಳೇ ಲೆಕ್ಕದ ಚೋಪಡಿ ಎಲ್ಲಾ ಮ್ಯಾಲಿರ್ತಾವ. ಎರಡು ತಿಂಗಳಿಂದ ಹತ್ತುವಾಗ ಎದಿ ನಡುವ ಯಾರೋ ಮೊಣಕೈ ಒತ್ತಿ ಹಿಡದಂಗ ಆಗ್ತೈತಿ. ನಿಂತ್ರ ಹೋಗ್ತೈತಿ. ನಮ್ಮೂರ ಡಾಕ್ಟರು ಇಸಿಜಿ ಪಟ್ಟಿ ತಗದು, "ಹುಬ್ಬಳ್ಳಿಗೆ ಹೋಗಿ ತೋರಿಸ್ರಿ, ಅಲ್ಲೀತನ ನೋವು ಬಂದ್ರ ಇದನ್ನ ನಾಲಿಗಿ ಕೆಳಗ ಇಟ್ಕೋರಿ" ಅಂತ ಸಣ್ಣ ಮಾತ್ರೆ ಕೊಟ್ಟಾರ. ಸಾರ್ಬಿಟ್ರೇಟ್ ಅಂತ ಐತಿ. ಘಾಟಿನ ಸಲುವಾಗಿ ಎದಿ ಹಿಡೀತೈತಿ ಅಂತ ನಾ ಹೋಗಲಿಲ್ಲ. ಮಾತ್ರೆ ಅಂಗಿ ಕಿಸೆದಾಗ ಇರ್ತೈತಿ, ಈ ತಿಂಗಳ ಎರಡು ಸಲ ಇಟ್ಕೊಂಡೀನಿ. ಆ ಮಟನ್ ಊಟದ ದಿನ ಇಟ್ಟುಕೊಂಡಿರಲಿಲ್ಲ.

ಕೌಂಟರ್ ಅಕ್ಕ, ಗದಗ · ಮಂಗಳವಾರ ರಾತ್ರಿ 11:02

ಅಣ್ಣಾ, ಅದ ನೈಟ್ರೇಟ್. ಉಳದ ಅರ್ಧ ನೀಲಿ ಮಾತ್ರೆ ಎಲ್ಲಿದ್ರೂ ತಗಿರಿ, ತಗೋಬ್ಯಾಡ್ರಿ. ಟಡಾಲಫಿಲ್ಲೂ ಬ್ಯಾಡ. ಬೇರಿನ ಪುಡಿ, ಕ್ಯಾಪ್ಸೂಲ್, ಗಿಡಮೂಲಿಕಿ ಅಂತ ಯಾರು ಕೊಟ್ರೂ ಬ್ಯಾಡ, ಅದರಾಗ ಏನು ಕಲಸಿರ್ತಾರ ಗೊತ್ತಿಲ್ಲ. ನೀಲಿ ಮಾತ್ರೆ ತಗೊಂಡು 24 ತಾಸು, ಟಡಾಲಫಿಲ್ ತಗೊಂಡು 48 ತಾಸು ಆಗೂ ತನಕ ನೈಟ್ರೇಟ್ ಕೊಡಂಗಿಲ್ಲ. ಎಂದರ ನೀಲಿ ಮಾತ್ರೆ ಇಲ್ಲಾ ಟಡಾಲಫಿಲ್ ತಗೊಂಡಾಗ ಎದಿನೋವು ಬಂದ್ರ ಸಾರ್ಬಿಟ್ರೇಟ್ ನಾಲಿಗಿ ಕೆಳಗ ಇಡಬ್ಯಾಡ್ರಿ, ಆಸ್ಪತ್ರಿಗೆ ಹೋಗಿ ಡಾಕ್ಟರಿಗೆ ಖರೆ ಹೇಳ್ರಿ. ನಾಚಿಕೊಂಡು ಮುಚ್ಚಿಟ್ರ ಅವರು ಗೊತ್ತಿಲ್ಲದ ನೈಟ್ರೇಟ್ ಕೊಡ್ತಾರ.

ಅಟೆನೊಲಾಲ್‌ನಿಂದ ಕೆಲವರಿಗೆ ಈ ತೊಂದ್ರಿ ಸ್ವಲ್ಪ ಹೆಚ್ಚಾಗೂದು ಖರೆ. ಆದ್ರ ಅದನ್ನ ನೀವ ಬಿಡಬ್ಯಾಡ್ರಿ. ಧಕ್ಕನ ಬಿಟ್ರ ಎದಿಗೆ ಕೇಡು.

ಸ್ಟೇರಿಂಗ್ ಮಾವ, ಹುಬ್ಬಳ್ಳಿ · ಮಂಗಳವಾರ ರಾತ್ರಿ 11:20

ಯುರಾಲಜಿಸ್ಟ್ ಆಮ್ಯಾಲೆ ನೋಡೂಣು. ನಾಳೆ ಮುಂಜಾನೆ ಸೀದಾ ಹೃದಯದ ಡಾಕ್ಟರು. ಬ್ಯಾಡಗಿ ಸ್ಟೇಷನ್ನಿನ್ಯಾಗ ಹುಬ್ಬಳ್ಳಿ ಗಾಡಿ ಹತ್ತು, ಜೋಡಿಗೆ ಮನಿಯಾಕಿನ್ನ ಕರಕೊಂಡು ಬಾ. ಒಬ್ಬಾಂವ ಬರಬ್ಯಾಡ. ಚೀಲ ಎತ್ತಬ್ಯಾಡ, ಅಟ್ಟ ಹತ್ತಬ್ಯಾಡ. ಕುಂತಲ್ಲೇ ನೋವು ಬಂದ್ರ, ಇಲ್ಲಾ ಬಂದದ್ದು ಬಿಡದಿದ್ರ ಗಾಡಿ ಗೀಡಿ ಏನೂ ನೋಡಬ್ಯಾಡ, 108ಕ್ಕ ಫೋನ್ ಮಾಡು.

ಕೆಲಗೇರಿ ಕಡೆಯಾಕಿ, ಧಾರವಾಡ · ಬುಧವಾರ ಮಧ್ಯಾಹ್ನ 12:10

ಈ ಚರ್ಚಾದಾಗ ಗಂಡಸರು ಬರದೀರಿ, ಕೌಂಟರ್ ಅಕ್ಕಾರೂ ಬರದಾರ, ಒಬ್ಬಾಕಿ ಹೆಂಡತಿನೂ ಬರೀಲಿ. ನಮ್ಮ ಮನಿಯವರದು ಬ್ಯಾರೆ ತರ. ಅವರಿಗೆ 33, ಸಕ್ಕರಿ ಇಲ್ಲ, ಬಿಪಿ ಇಲ್ಲ, ಮುಂಜಾನೆ ಎಲ್ಲಾ ಸರಿ. ಅವರ ನೌಕರಿ ಹೋತು, ಆ ವರ್ಷ ಒಂದು ರಾತ್ರಿ ಆಗಲಿಲ್ಲ. ಅದರ ಅಂಜಿಕಿಗೆ ಎರಡನೇ ರಾತ್ರಿ ಆಗಲಿಲ್ಲ. ಆಮ್ಯಾಲೆ ಹಾಸಿಗಿ ತಗೊಂಡು ಹಾಲಿಗೆ ಹೋದ್ರು, ಸೆಖೆ ಅಂದ್ರು. ಡಿಸೆಂಬರ್ ತಿಂಗಳ ಧಾರವಾಡದಾಗ ಸೆಖೆ! ಎಂಟು ತಿಂಗಳ ನಾ ಅವರ ಫೋನ್ ನೋಡಿ ನೋಡಿ ಇಟ್ಟೆ, ಯಾರೋ ಒಬ್ಬಾಕಿ ಇರಬೇಕಂತ.

ಕಡೀಕ ಇಲ್ಲಿನ ಮನಸ್ಸಿನ ಆಸ್ಪತ್ರಿ ಡಿಮ್ಹಾನ್ಸ್‌ಗೆ ಹೋದ್ವಿ. ಹುಚ್ಚರ ಆಸ್ಪತ್ರಿ ಅಂತ ನಮ್ಮತ್ತಿ ಅತ್ರು, ಇರಲಿ. ಅಲ್ಲಿ ಗೊತ್ತಾತು, ಇವರ ತಲ್ಯಾಗ ಹುಡುಗ ಇದ್ದಾಗಿಂದ ಒಂದು ಮಾತು ಕುಂತಿತ್ತು, ಧಾತು ಪೋಲಾಗಿ ಶಕ್ತಿ ಹೋಗೇತಿ ಅಂತ. ಗುಮಾಸ್ತ ಅಣ್ಣಾರೂ ಮ್ಯಾಲೆ ಅದನ್ನ ಕೇಳ್ಯಾರ. ಹಂಗೇನೂ ಹೋಗಂಗಿಲ್ಲ, ಹಸ್ತಮೈಥುನದಿಂದ ಈ ತೊಂದ್ರಿ ಬರಂಗಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದ್ರು. ಈ ಅಂಜಿಕಿ ನಮ್ಮ ದೇಶದಾಗ ಎಷ್ಟು ಅಂದ್ರ, 1960ರಾಗ ಡಾ. ಎನ್. ಎನ್. ವಿಗ್ ಅನ್ನೋರು ಅದಕ್ಕ ಧಾತ್ ಸಿಂಡ್ರೋಮ್ ಅಂತ ಹೆಸರ ಇಟ್ಟಾರಂತ. ಆಮ್ಯಾಲೆ ನಮಗಿಬ್ಬರಿಗೂ ಒಂದು ಕಟ್ಟಳೆ ಹಾಕಿದ್ರು: ಆರು ವಾರ ಕೂಡಂಗಿಲ್ಲ, ಬರೇ ಹತ್ರ ಮಲಗೂದು, ಬೆನ್ನು ಕೈ ಸವರೂದು. ಪರೀಕ್ಷಾ ರದ್ದಾತು ಅಂದ್ರ ಅಂಜಿಕಿ ಎಲ್ಲಿಂದ? ನಾಕನೇ ವಾರಕ್ಕ ಕಟ್ಟಳೆ ಮುರದ್ವಿ. ಡಾಕ್ಟರಿಗೆ ಹೇಳಿದ್ರ ಅವರು ಬೈಲಿಲ್ಲ.

ಬ್ಯಾಡಗಿ ಗುಮಾಸ್ತ · 24 ದಿನದ ಮ್ಯಾಲೆ, ರಾತ್ರಿ 9:15

ಇದ್ದೀನಿ. ಬರಿಯಾಕ ತಡಾ ಆತು.

ಅವತ್ತ ಗಾಡ್ಯಾಗ ಹಾವೇರಿ ದಾಟಿದ ಮ್ಯಾಲೆ ನಮ್ಮಾಕಿಗೆ ಎಲ್ಲಾ ಹೇಳಿದೆ. ಆಕಿ ಏನೂ ಅನ್ನಲಿಲ್ಲ. ಪರ್ಸಿನಿಂದ ಒಂದು ಕಾಗದದ ಪೊಟ್ಟಣ ತಗದ್ಲು, ಒಳಗ ನನ್ನ ಅರ್ಧ ನೀಲಿ ಮಾತ್ರೆ. ಅಂಗಿ ಒಗಿಯುವಾಗ ಸಿಕ್ಕಿತ್ತಂತ, ಕುಂಕುಮದ ಭರಣ್ಯಾಗ ಇಟ್ಟಿದ್ಲಂತ, ಒಂದು ಕಡೆ ಕೆಂಪಾಗಿತ್ತು. "ಎದಿ ಮಾತ್ರೆ ಜೋಡಿ ಒಂದ ಕಿಸೆದಾಗ ಇತ್ತು, ಇದೂ ಎದಿಯದ ಅಂತ ಮಾಡಿದ್ದೆ. ನಿಮಗ ನೋವು ಬಂದ್ರ ಬೇಕಾಗ್ತೈತಿ ಅಂತ ತೆಗದಿಟ್ಟೆ" ಅಂದ್ಲು. ಹುಬ್ಬಳ್ಳಿ ಬರೂ ತನಕ ನಾ ಕಿಡಕಿ ಹೊರಗ ನೋಡಿದೆ.

ಆಂಜಿಯೋಗ್ರಾಂ ಮಾಡಿದ್ರು. ಒಂದು ನಾಳದಾಗ 80 ಪರ್ಸೆಂಟ್ ಬಂದ್. ಒಂದು ಸ್ಟೆಂಟ್ ಹಾಕ್ಯಾರ. ಎಚ್‌ಬಿಎ1ಸಿ 8.2, ಅಂದ್ರ ಸಕ್ಕರಿನೂ ಐತಿ. ಈ ರಾತ್ರಿ ತೊಂದ್ರಿ ಬಗ್ಗೆ ನಮ್ಮಾಕಿನ ಡಾಕ್ಟರಿಗೆ ಕೇಳಿದ್ಲು, ನಾ ನೆಲ ನೋಡ್ಕೋತ ಕುಂತಿದ್ದೆ. ಅವರು ಹೇಳಿದ್ದು ಇಷ್ಟು: ಈಗ ಅವಸರ ಬ್ಯಾಡ. ಎರಡು ಮಜಲು ಮೆಟ್ಲ ದಮ್ಮು ಕಟ್ಟದ, ಎದಿ ಬಿಗಿಯದ ಹತ್ತಿದ್ರ ಮೈಗೆ ಆ ಶ್ರಮ ತಡೀತೈತಿ ಅಂತ ಲೆಕ್ಕ. ಮೂರು ತಿಂಗಳಿಗೆ ಓಡೂ ಪಟ್ಟಿಯ ಮ್ಯಾಲೆ ಟೆಸ್ಟ್ ಮಾಡ್ತಾರಂತ. ಅದು ಚಲೋ ಬಂದು ನೈಟ್ರೇಟ್ ಅವಶ್ಯಕತಿ ಪೂರಾ ತಪ್ಪಿದ್ರ, ಆವಾಗ ಕಮ್ಮಿ ಪವರಿನ ಮಾತ್ರೆ ತಾವ ಬರದು ಕೊಡ್ತೀನಿ ಅಂದಾರ. ಮಾವ, ನಿಮ್ಮ ಸ್ಟೋ ಪಂಪಿಂದೂ ಕೇಳಿದ್ವಿ. ರಕ್ತ ತೆಳ್ಳಗಾಗೂ ಗುಳಿಗಿ ನಡದಾವ, ಅಲ್ಲಿ ಒಳಗ ರಕ್ತ ಸೋರಿ ಕಂದುಗಟ್ಟಬಹುದು, ಸದ್ಯಕ್ಕ ಬ್ಯಾಡ ಅಂದ್ರು.

ನೀಲಿ ಮಾತ್ರೆ ಕೊಟ್ಟ ದೋಸ್ತ ನೋಡಾಕ ಬಂದಿದ್ದ, ಎರಡು ಡಜನ್ ಬಾಳಿಹಣ್ಣು ತಂದಿದ್ದ. ಅವನಿಗೂ 48, ಜರ್ದಾ ನನಗಿಂತ ಹೆಚ್ಚು. "ನೀ ಯಾಕ ತಗೋತಿದ್ದಿ ಆ ಮಾತ್ರೆ?" ಅಂತ ಕೇಳಿದೆ. ಉತ್ತರ ಕೊಡಲಿಲ್ಲ. ಮರುದಿನ ಫೋನ್ ಮಾಡಿ ಆ ಹುಬ್ಬಳ್ಳಿ ಆಸ್ಪತ್ರಿ ಎಲ್ಲಿ ಬರ್ತೈತಿ ಅಂದ.

ಸ್ಟೇರಿಂಗ್ ಮಾವ, ಹುಬ್ಬಳ್ಳಿ · ರಾತ್ರಿ 9:40

ನಮ್ಮಾಕಿಗೂ ಓದಿ ಹೇಳಿದೆ. ಆಕಿ ನಿನ್ನ ಮನಿಯಾಕಿನ್ನ ಒಮ್ಮೆ ಕರಕೊಂಡು ಬಾ ಅಂತಾಳ, ಜ್ವಾಳದ ರೊಟ್ಟಿ, ಎಣ್ಣಿ ಕಮ್ಮಿ ಹಾಕಿ ಬದನಿಕಾಯಿ ಪಲ್ಯ.

ಎಲ್ಲಾ ಬರದಿ. ನಿನ್ನ ಜರ್ದಾದ ಸುದ್ದಿ ಬರದಿಲ್ಲಲ್ಲೋ.

ಬ್ಯಾಡಗಿ ಗುಮಾಸ್ತ · ರಾತ್ರಿ 10:05

ಹತ್ತೊಂಬತ್ತು ದಿನಾ ಬಿಟ್ಟಿದ್ದೆ ಮಾವ. ನಿನ್ನೆ ಗುರುವಾರ, ಮಾರ್ಕೆಟ್ ದಿನ, ಒಂದು ಚೀಟು ಹಾಕ್ಕೊಂಡೆ. ಇವತ್ತ ಹಾಕಿಲ್ಲ. ಕಿಸೆ ದಿನಾ ನಮ್ಮಾಕಿ ನೋಡ್ತಾಳ.